ಮೈಲಾರಮ್ಮನ ದನಿಗೆ ಬಿದ್ದ ಗೇಟು

ರಾಯದುರ್ಗದಲ್ಲಿ ಮೈಕು, ಸ್ಪೀಕರುಗಳನ್ನು ಬಾಡಿಗೆಗೆ ಕೊಡುವ ರಂಗನಾಥ ಹುಟ್ಟಿದ್ದು ೧೯೮೨ನೇ ಇಸವಿ ಜೂನ್ ಒಂದರಂದು ಎಂದು ಶಾಲೆಯ ದಾಖಲೆ ಹೇಳುತ್ತದೆ. ಬೆಳುಗುಪ್ಪದ ಆ ಶಾಲೆಯಲ್ಲಿ ಅವನ ತರಗತಿಯ ಅರ್ಧಕ್ಕರ್ಧ ಮಕ್ಕಳು ಅದೇ ದಿನ ಹುಟ್ಟಿದವರಾದ್ದರಿಂದ ಆ ತಾರೀಖನ್ನು ನಂಬುವಂತಿಲ್ಲ. ನಂಬಬಹುದಾದದ್ದು ೧೯೯೯ರ ಆಗಸ್ಟ್ ೧೬, ಸೋಮವಾರ. ಅಂದು ಅವನು ಕುರಿ ಕಾಯುವ ಕೋಲನ್ನು ಸೋದರತ್ತೆ ಮೈಲಾರಮ್ಮನ ಕೈಗೆ ಕೊಟ್ಟು ಬಳ್ಳಾರಿಯ ಬಸ್ಸು ಹತ್ತಿದ. ಮರುದಿನವೇ ಜೀನ್ಸ್ ಹೊಲಿಯುವ ಶೆಡ್ಡೊಂದರಲ್ಲಿ ಮಿಷಿನ್ನಿನ ಮುಂದೆ ಕೂತ.

ಶೆಡ್ಡಿನ ವರ್ಷಗಳು ಅವನಿಗೆ ಎರಡನ್ನು ಕೊಟ್ಟವು. ಒಂದು, ಕಿವಿ: ಸಾಲು ಮಿಷಿನ್ನುಗಳು ಓಡುತ್ತಿರುವಾಗ ಯಾವುದಕ್ಕೆ ಎಣ್ಣೆ ಬೇಕೆಂಬುದನ್ನು ಸದ್ದಿನಿಂದಲೇ ತಿಳಿಯುತ್ತಿದ್ದ. ಇನ್ನೊಂದು, ಗಂಟಲು: ಆ ಗದ್ದಲವನ್ನು ಮೀರಿ ಮಾತಾಡಿ ಮಾತಾಡಿ, ಮನೆಯಲ್ಲಿ ಉಪ್ಪು ಕೇಳಿದರೂ ಪಕ್ಕದ ಮನೆಯವರು ತಂದುಕೊಡಬೇಕು, ಅಷ್ಟು ಜೋರು.

“ನಾನೇನು ಮಿಷಿನ್ನಿನ ಆಚೀಗೆ ಕುಂತೀನೇನ್ರಿ?” ಎಂದು ಹೆಂಡತಿ ಶಾಂತಕುಮಾರಿ ಕೇಳುತ್ತಿದ್ದಳು. ಅವನಿಗೆ ಮಾತ್ರ ತಾನು ಮೆಲ್ಲಗೇ ಮಾತಾಡುತ್ತಿದ್ದೇನೆಂದು ಖಾತರಿ.

೨೦೦೮ರಲ್ಲಿ ಅವನು ರಾಯದುರ್ಗಕ್ಕೆ ಬಂದು ನೆಲೆಸಿದ. ಅಷ್ಟರಲ್ಲಿ ಇಲ್ಲಿಯ ಓಣಿಗಳಲ್ಲೂ ಹೊಲಿಗೆ ಮಿಷಿನ್ನುಗಳು ತುಂಬಿದ್ದವು. ಹೊಲಿಗೆ ಬಿಟ್ಟು ಸ್ಪೀಕರುಗಳ ವ್ಯಾಪಾರಕ್ಕಿಳಿದು, ೨೦೧೭ರ ನವೆಂಬರಿನಲ್ಲಿ, ಮೈಕಿನ ದನಿಯನ್ನು ಹದಮಾಡಿ ಸ್ಪೀಕರಿಗೆ ಕಳಿಸುವ ಒಂದು ಡಿಜಿಟಲ್ ಮಿಕ್ಸರ್ ತಂದ. ಅದರೊಳಗೆ ‘ಗೇಟ್’ ಎಂಬ ಏರ್ಪಾಡಿತ್ತು. ನಾವು ಗೊತ್ತುಮಾಡಿದ ಮಿತಿಗಿಂತ ಸಣ್ಣ ಸದ್ದು ಮೈಕಿಗೆ ಬಿದ್ದರೆ ಗೇಟು ಮುಚ್ಚಿಕೊಳ್ಳುತ್ತದೆ, ಸ್ಪೀಕರಿನಲ್ಲಿ ಏನೂ ಕೇಳುವುದಿಲ್ಲ. ದೊಡ್ಡ ಸದ್ದು ಬಂದಾಗ ತೆರೆಯುತ್ತದೆ. ಮಿಷಿನ್ನುಗಳ ಊರಿಗೆ ಇದಕ್ಕಿಂತ ಬೇಕಾದದ್ದು ಇನ್ನೇನು ಎಂದು ರಂಗನಾಥ ಹಿಗ್ಗಿದ.

೨೦೧೮ರ ಮಾರ್ಚ್ ೧೨, ಸೋಮವಾರ, ಗಾರ್ಮೆಂಟ್ ಓಣಿಯ ಹಿಂದಿನ ಬಯಲಿನಲ್ಲಿ ಕುರಿಗಾರರ ದೇವರು ಬೀರಪ್ಪನ ಹಾಡು ಏರ್ಪಾಟಾಗಿತ್ತು. ಹಾಡುವವಳು ಡೊಳ್ಳಿನ ಮೇಳವೊಂದರ ಮೈಲಾರಮ್ಮ. ಆ ಮೇಳದ ಕಟ್ಟಳೆ ಹೀಗೆ: ಹಾಡುವವರು ಹಾಸಿದ ಕರಿ ಕಂಬಳಿಯ ಮೇಲೆ ಕೂತು ಮೊದಲ ಸೊಲ್ಲು ಎತ್ತಬೇಕು, ಅದರ ಕೊನೆಯ ಎಳೆ ಪೂರ್ತಿ ಕರಗಿದ ಮೇಲೆಯೇ ಡೊಳ್ಳಿಗೆ ಪೆಟ್ಟು. ಮೂರು ಸಲ ಆರಂಭ ಕೆಟ್ಟರೆ ಕಂಬಳಿ ಬಿಟ್ಟೇಳಬೇಕು. ಒಮ್ಮೆ ಬಿಟ್ಟವರು ಮತ್ತೆಂದೂ ಅದರ ಮೇಲೆ ಕೂರುವಂತಿಲ್ಲ.

ಸುತ್ತಲೂ ಮಿಷಿನ್ನುಗಳು ಓಡುತ್ತಿದ್ದವು. ರಂಗನಾಥ ಅತ್ತೆಯ ಮೈಕಿನಲ್ಲಿ ತಾನೇ “ಹಲೋ, ಹಲೋ” ಎಂದು, ತನ್ನ ದನಿಗೆ ತುಸು ಕೆಳಗೆ ಗೇಟಿನ ಮಿತಿಯನ್ನಿಟ್ಟ. ಸ್ಪೀಕರಿನಲ್ಲಿ ಕೇಳುತ್ತಿದ್ದ ಮಿಷಿನ್ನಿನ ಗುಯ್‌ಗುಟ್ಟುವಿಕೆ ಥಟ್ಟನೆ ನಿಂತಿತು.

“ಭಲೆ! ಮನುಷ್ಯ ಅಂದ್ರ ಹಿಂಗಿರಬೇಕು ನೋಡು” ಎಂದ ಮೇಳದ ಹಿರಿಯ ದೊಡ್ಡಬೀರಪ್ಪ.

ಮೈಲಾರಮ್ಮ ಸೊಲ್ಲೆತ್ತಿದಳು. ಬಯಲಿನ ಆಚೆ ತುದಿಯಲ್ಲಿ ನಿಂತಿದ್ದ ಡೊಳ್ಳಿನವರು ಸ್ಪೀಕರಿಗೆ ಕಿವಿಗೊಟ್ಟಿದ್ದರು. ದನಿ ನಿಂತಿತು; ಅವರು ಬಾರಿಸಿದರು. ಮುದುಕಿ ಬೆಚ್ಚಿ ಬಾಯಿ ಮುಚ್ಚಿದಳು. ಎರಡನೆಯ ಸಲವೂ ಹಾಗೆಯೇ ಆಯಿತು.

“ಉಸಿರು ಸಾಲವಲ್ದು, ಮೈಲಾರಮ್ಮ” ಎಂದ ದೊಡ್ಡಬೀರಪ್ಪ. “ಇನ್ನೊಂದು ಸಲ ಕೆಟ್ರ ಹಿಮ್ಮೇಳದ ಮಂಜುಳ ಕುಂದ್ರಲಿ.”

“ನನ್ನ ಉಸಿರಿಗೆ ಏನಾಗ್ಯದೋ? ನಿನ್ನ ಡೊಳ್ಳಿನೋರಿಗೆ ಊಟದ ಅವಸರ!”

ಜನ ನಕ್ಕರು. ರಂಗನಾಥ ನಗಲಿಲ್ಲ. ಅತ್ತೆಗೆ ಎಪ್ಪತ್ತು ದಾಟಿದೆ, ದನಿ ಹೋಗಿರಬಹುದು ಎಂದೇ ಅವನಿಗೂ ಅನ್ನಿಸಿತ್ತು. ಮೈಕನ್ನು ಬಾಯಿಯ ಹತ್ತಿರಕ್ಕೆ ಸರಿಸೋಣವೆಂದು ಹೋಗಿ ಕಂಬಳಿಯ ಪಕ್ಕ ಕೂತು, ಡೊಳ್ಳಿನವರಿಗೆ ತಡೆಯಿರೆಂದು ಕೈ ಮಾಡಿ, “ಅತ್ತಿ, ಇದು ಲೆಕ್ಕಕ್ಕಲ್ಲ, ನನ್ನ ಮುಂದ ಒಂದೀಟು ಅನ್ನು” ಎಂದ.

ಅವಳು ಅಂದಳು. ದನಿ ಇಳಿಯಿತು, ಸ್ಪೀಕರು ಸುಮ್ಮನಾಯಿತು. ಆದರೆ ಅವಳ ಗಂಟಲಲ್ಲಿ ಸೊಲ್ಲು ಇನ್ನೂ ಹರಿಯುತ್ತಲೇ ಇತ್ತು. ನೂಲಿನಷ್ಟು ಸಣ್ಣಗೆ, ಎಲ್ಲಿಯೂ ಕಡಿಯದೆ. ಅತ್ತೆಯ ಉಸಿರು ಸಾಲದಾಗಿರಲಿಲ್ಲ. ತನ್ನ ಶೆಡ್ಡಿನ ಗಂಟಲಿಗೆ ಅಳೆದು ಇಟ್ಟ ಗೇಟು ಅವಳ ಮೆಲುದನಿ ಬಂದಾಗಲೆಲ್ಲ ಮುಚ್ಚಿಕೊಳ್ಳುತ್ತಿತ್ತು.

“ತಡೀರಿ, ದೊಡ್ಡಪ್ಪ!” ಎಂದು ರಂಗನಾಥ ಕೂಗಿದ. “ಅತ್ತೀದೇನೂ ತಪ್ಪಿಲ್ರಿ. ದನಿ ಸಣ್ಣಗಾದ ಕೂಡ್ಲೇ ನನ್ನ ಮಿಕ್ಸರ್ ಬಾಗ್ಲು ಹಾಕ್ತಿತ್ತು.”

“ಬಾಗ್ಲು ಹಾಕಿ ಒಳಗ ಕುಂದ್ರಿಸಿ, ಯಾಕ ಮಾತಾಡವಲ್ಲಿ ಅಂತೀರೇನು?” ಎಂದಳು ಮೈಲಾರಮ್ಮ.

ಅವನು ಗೇಟನ್ನು ತೆಗೆದುಹಾಕಿ ಆ ಜಾಗದಲ್ಲಿ ‘ಎಕ್ಸ್‌ಪ್ಯಾಂಡರ್’ ಹಾಕಿದ. ಅದು ಸಣ್ಣ ಸದ್ದನ್ನು ಪೂರ್ತಿ ಅಡಗಿಸುವುದಿಲ್ಲ, ತುಸು ಕೆಳಕ್ಕೆ ಒತ್ತುತ್ತದೆ, ಅಷ್ಟೆ. ಮಿತಿಯನ್ನೂ ಈ ಸಲ ಅತ್ತೆಯ ಅತಿ ಮೆಲ್ಲನೆಯ ದನಿಗಿಂತ ಕೆಳಗಿಟ್ಟ. ಮಿಷಿನ್ನಿನ ಗುಯ್‌ಗುಟ್ಟುವಿಕೆ ಸ್ಪೀಕರಿಗೆ ಮರಳಿತು, ಮೊದಲಿಗಿಂತ ಸಣ್ಣಗೆ.

“ಮತ್ತ ಬಂತಲ್ಲೋ ಆ ಸದ್ದು!” ಎಂದ ದೊಡ್ಡಬೀರಪ್ಪ.

“ಬರ್ಲಿ ಬಿಡ್ರಿ. ಅದನ್ನ ಪೂರ್ತಿ ಹೊರಗ ಹಾಕಿದ್ರ ಅತ್ತೀನೂ ಹೊರಗ ಹೋಗ್ತಾಳ.”

ಮೂರನೆಯ ಸಲ ಮೈಲಾರಮ್ಮ ಸೊಲ್ಲೆತ್ತಿದಳು. ದನಿ ಇಳಿಯಿತು, ಎಳೆಯಾಯಿತು, ಮಿಷಿನ್ನಿನ ಸದ್ದಿನ ಮೇಲೆ ಸಣ್ಣಗೆ ತೇಲಿ ಕರಗಿತು. ಡೊಳ್ಳಿನವರು ಕಾದಿದ್ದು, ಆಮೇಲೆ ಬಾರಿಸಿದರು. ಅವಳು ಕಂಬಳಿಯಿಂದ ಎದ್ದದ್ದು ಹಾಡು ಮುಗಿದ ಮೇಲೆಯೇ.

ಅಂದಿನಿಂದ ರಂಗನಾಥ ತನ್ನ ದನಿಯಿಂದ ಮೈಕು ಪರೀಕ್ಷಿಸುವುದನ್ನು ಬಿಟ್ಟಿದ್ದಾನೆ; ಹಾಡುವವರನ್ನೇ ಕೂರಿಸಿ, ಅವರ ಅತಿ ಮೆಲ್ಲನೆಯ ಮಾತಿಗೆ ಅಳತೆ ಇಡುತ್ತಾನೆ. ಅದೇ ವರ್ಷ ಏಪ್ರಿಲ್ ೯ರಂದು ಮೇಳ ಡಿ. ಹಿರೇಹಾಳಿಗೆ ಹೋದಾಗ ಮೈಕನ್ನು ಅತ್ತೆಯ ಮುಂದಿಟ್ಟು, “ಏನಾರ ಮಾತಾಡು, ಮೆಲ್ಲಗ” ಎಂದ.

ಅವಳು ಮೈಕಿನತ್ತ ಬಾಗಿ, ಮಗ್ಗುಲಲ್ಲಿದ್ದವರಿಗೂ ಕೇಳಿಸದಷ್ಟು ಮೆಲ್ಲಗೆ, “ಬಾಗ್ಲು ತೆಗ್ದೀಯೇನಪ್ಪಾ?” ಎಂದಳು.

ಆ ಮಾತು ಬಯಲಿನ ಆಚೆ ತುದಿಯಲ್ಲಿ ಡೊಳ್ಳಿನ ಹಗ್ಗ ಬಿಗಿಯುತ್ತಿದ್ದವರಿಗೆ ಕೇಳಿಸಿತು. “ತೆಗ್ದಾನ, ಹಾಡಬೇ!” ಎಂದು ಅಲ್ಲಿಂದಲೇ ಯಾರೋ ಕೂಗಿದರು.