ಚಳಿಗಾಲದಲ್ಲಿ ಕಳಚಿದ ಕರಿಬಟ್ಟೆ

"ನಿಮ್ಮಲ್ಲಿ ದುಃಖ ಮುಗೀತು ಅಂತ ಯಾರು ಹೇಳ್ತಾರೆ?"

ನಾನು ಆ ಮನೆಗೆ ಬಂದ ಮೊದಲ ಸಂಜೆ ಮ್ಮೆ ಮಾಮೊಲೆಮೊ ಕೇಳಿದ ಪ್ರಶ್ನೆ ಇದು. ಮ್ಮೆ ಎಂದರೆ ಅಮ್ಮ. ಮಾಮೊಲೆಮೊ ಎಂದರೆ ಮೊಲೆಮೊಳ ತಾಯಿ. ಆ ಮೊಲೆಮೊ ಎಂಬ ಹದಿನಾರರ ಹುಡುಗಿಯೇ ತಾಯಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ನನಗೆ ತಲುಪಿಸುತ್ತಿದ್ದಳು. ರಾಣೆಬೆನ್ನೂರಿನಿಂದ ಹೊರಟು, ಸಂಬಳವಿಲ್ಲದ ವಿಜ್ಞಾನ ಶಿಕ್ಷಕನಾಗಿ ಆಫ್ರಿಕಾದ ಪುಟ್ಟ ದೇಶ ಲೆಸೊಥೊದ ಆ ಬೆಟ್ಟದೂರಿಗೆ ಅಂದಷ್ಟೇ ಬಂದಿಳಿದಿದ್ದೆ. ಪ್ರಶ್ನೆ ಎಲ್ಲಿಂದ ಹುಟ್ಟಿತೆಂದು ಯೋಚಿಸದೆ ಗೊತ್ತಿದ್ದುದನ್ನು ಹೇಳಿದೆ:

"ಹದಿಮೂರನೇ ದಿನ ಸಿಹಿ ಮಾಡಿ ಬಡಿಸ್ತೀವಿ. ಅಲ್ಲಿಗೆ ಮುಗೀತು ಅಂತ."

ಮ್ಮೆ ಮಗಳ ಕಡೆ ತಿರುಗಿ ಏನೋ ಅಂದರು. ಮೊಲೆಮೊ ನಗು ತಡೆದುಕೊಂಡಳು. "ಊಟ ಯಾವಾಗ ಮುಗಿಯುತ್ತೆ ಅಂತ ನಾನು ಕೇಳಿದ್ನಾ? ಅಂತಿದ್ದಾಳೆ ಅಮ್ಮ."

ಅಳೆಯಲು ಬಾರದ ಒಂದನ್ನು ಇಂತಿಷ್ಟಕ್ಕೆ ಮುಗಿಯಿತೆಂದು ಸಾರುವ ಅಧಿಕಾರ ಯಾರಿಗಿದೆ ಎಂಬುದನ್ನು ನಾನು ಓದಿದ ಯಾವ ವಿಜ್ಞಾನವೂ ಹೇಳಿಕೊಟ್ಟಿಲ್ಲ.

ಅಂದಿನ ಮಧ್ಯಾಹ್ನ ಕಂಡದ್ದಾದರೂ ದುಃಖವಲ್ಲ. ಅಲ್ಲಿ ಚಳಿಗಾಲವಾದ ಜುಲೈ ತಿಂಗಳ ಕೊರೆಯುವ ಚಳಿಯಲ್ಲಿ ಶಾಲೆಯ ಪಿಕಪ್ ವ್ಯಾನಿನಿಂದ ಇಳಿಯುವಾಗ ಅಂಗಳದ ತುಂಬ ಜನ. ಕುರಿ ಕಡಿದಿದ್ದರು. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕುತ್ತ ಹಾಡುತ್ತಿದ್ದರು. ನಡುವೆ ನುಣ್ಣಗೆ ತಲೆ ಬೋಳಿಸಿಕೊಂಡು, ಮಡಿಕೆ ಮಾಸದ ಹೊಸ ನೀಲಿ ಉಡುಪು ತೊಟ್ಟು ಮ್ಮೆ ನಿಂತಿದ್ದರು. ಹಿತ್ತಿಲಲ್ಲಿ ಯಾವುದೋ ಬಟ್ಟೆ ಸುಡುತ್ತಿದ್ದ ವಾಸನೆ ಬರುತ್ತಿತ್ತು. ಇಷ್ಟು ಸಡಗರ ನನಗಲ್ಲದೆ ಇನ್ನಾರಿಗೆ? ನಾನು ಕಲ್ಲಿನ ಮೇಲೆ ಹತ್ತಿ ನಿಂತು, ಬರುವ ದಾರಿಯಲ್ಲಿ ಬಾಯಿಪಾಠ ಮಾಡಿದ್ದ ಅವರ ಭಾಷೆಯ ನಾಲ್ಕು ಮಾತುಗಳಲ್ಲಿ ಊರಿಗೆ, ಕುರಿಗೆ, ಹಾಡಿದವರಿಗೆ, ಎಲ್ಲರಿಗೂ ವಂದನೆ ಹೇಳಿದೆ. ಒಂದು ಗಳಿಗೆ ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ಚಪ್ಪಾಳೆ ತಟ್ಟಿದರು. ಹೊತ್ತು ಮುಳುಗುವುದರೊಳಗೆ ನನ್ನ ಹೆಸರು ತೆಬೊಹೊ ಎಂದಾಗಿತ್ತು. ಹಾಗೆಂದರೆ ಕೃತಜ್ಞತೆ.

ಚಪ್ಪಾಳೆ ತಟ್ಟದೆ ಕಂಬಳಿ ಹೊದ್ದು ಗೋಡೆಗೆ ಒರಗಿ ನಿಂತಿದ್ದವರು ಒಬ್ಬರೇ. ಅವರು ಮ್ಮೆಯ ಗಂಡನ ಅಣ್ಣ, ನ್ತಾತೆ ಪಾಕಿಸೊ. ನ್ತಾತೆ ಎಂಬುದು ಅಲ್ಲಿ ಹಿರಿಯ ಗಂಡಸರನ್ನು ಕರೆಯುವ ರೀತಿ.

ಮೊದಲ ದಿನಗಳಲ್ಲಿ ನಾನು ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು. ಕಂಬಳಿಯನ್ನು ಯಾವ ಹೆಗಲ ಮೇಲೆ ಪಿನ್ನು ಹಾಕಿ ನಿಲ್ಲಿಸಬೇಕು, ಒಂದೇ ಬೋಗುಣಿ ನೀರಿನಲ್ಲಿ ಮೈ ಹೇಗೆ ತೊಳೆಯಬೇಕು, ಎದುರಾದವರಿಗೆಲ್ಲ ಶಾಂತಿ ಕೋರದೆ ಯಾಕೆ ಮುಂದೆ ಹೋಗಬಾರದು ಎಂಬುದೆಲ್ಲ ಮ್ಮೆಯ ಪಾಠ. ಒಮ್ಮೆ ಅವರೆಕಾಳು ಬೇಯುವುದು ತಡವಾದಾಗ, ಎತ್ತರದ ಜಾಗದಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ, ಅದಕ್ಕೇ ಹೀಗೆ ಎಂದು ಮೊಲೆಮೊಳ ಮೂಲಕ ವಿವರಿಸಿದೆ.

"ಗೊತ್ತಾಯ್ತು. ಈಗ ಬೇಗ ಬೇಯುತ್ತಾ?"

"ಇಲ್ಲ ಮ್ಮೆ."

"ಹಾಗಾದ್ರೆ ಸೌದೆ ತಾ, ಮೇಷ್ಟ್ರೇ."

ಕುರಿ ನನ್ನದಲ್ಲವೆಂದು ತಿಳಿಯಲು ಕೆಲವು ವಾರಗಳೇ ಹಿಡಿದವು. ಶಾಲೆಯ ಮುಖ್ಯೋಪಾಧ್ಯಾಯಿನಿ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ಹೇಳಿದರು. ಮ್ಮೆಯ ಗಂಡ ತೀರಿಕೊಂಡದ್ದು ಆ ವರ್ಷದ ಮಾರ್ಚಿನಲ್ಲಿ. ವಿಧವೆ ವರ್ಷ ತುಂಬುವವರೆಗೆ ಕರಿಬಟ್ಟೆ ಉಡಬೇಕು. ಆ ಬಟ್ಟೆ ಇರುವ ಮನೆಗೆ ಪರಸ್ಥಳದವರನ್ನು ಇಳಿಸಿಕೊಳ್ಳುವಂತಿಲ್ಲ, ಸಾವಿನ ಕತ್ತಲೆ ಅವರ ಬೆನ್ನು ಹತ್ತಿ ಊರ ಮಕ್ಕಳವರೆಗೂ ಹೋಗುತ್ತದೆಂಬ ನಂಬಿಕೆ. ಇತ್ತ ನನ್ನನ್ನು ಕಳಿಸಿದ ಸಂಸ್ಥೆಯ ಷರತ್ತೂ ಕಟ್ಟುನಿಟ್ಟು: ಶಿಕ್ಷಕ ಒಂದು ಕುಟುಂಬದ ಜೊತೆಗಿರಬೇಕು, ಬೀಗ ಹಾಕುವ ಬೇರೆ ಕೋಣೆ ಇರಬೇಕು, ಇಲ್ಲವಾದರೆ ಅವನು ಇನ್ನೊಂದು ಕಣಿವೆಗೆ ಹೋಗುತ್ತಾನೆ. ಅಂಥ ಕೋಣೆ ಇದ್ದದ್ದು ಈ ಮನೆಯಲ್ಲಿ ಮಾತ್ರ. ವಿಜ್ಞಾನದ ಮೇಷ್ಟರಿಲ್ಲದೆ ಮೊಲೆಮೊಳ ತರಗತಿ ವರ್ಷದ ಕೊನೆಯ ಪರೀಕ್ಷೆಗೆ ಕೂರುವಂತಿರಲಿಲ್ಲ. ಮ್ಮೆ ನಡುಚಳಿಯಲ್ಲೇ ಬಟ್ಟೆ ತೆಗೆಸಿಕೊಳ್ಳುವೆನೆಂದರು. ಪಾಕಿಸೊ ಒಪ್ಪಲಿಲ್ಲ. ಅವರ ಒಪ್ಪಿಗೆಯಿಲ್ಲದೆಯೇ ಕುರಿ ಕಡಿದಾಯಿತು, ಬಟ್ಟೆ ಸುಟ್ಟಾಯಿತು. ನಾನು ಹೋಗಿ ಇಳಿದದ್ದು ಸರಿಯಾಗಿ ಆ ಹೊತ್ತಿಗೆ.

"ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಮ್ಮೆಯನ್ನು ಕೇಳಿದೆ.

"ನೀನು ಅಷ್ಟು ಚಂದ ವಂದನೆ ಹೇಳ್ತಿದ್ದೆ. ನನ್ನ ಗಂಡನಿಗೆ ಅಷ್ಟು ಒಳ್ಳೆ ಮಾತು ಬೇರೆ ಯಾರೂ ಹೇಳಿರಲಿಲ್ಲ. ಸುಮ್ಮನೆ ಕೇಳಿಸ್ಕೊಂಡೆ."

ಅಕ್ಟೋಬರಿನಲ್ಲಿ ಮೊದಲ ಮಳೆ ಬಿತ್ತು. ಊರೆಲ್ಲ ಎತ್ತು ಹೂಡಿತು. ಮ್ಮೆಯ ಹೊಲ ಪ್ರತಿವರ್ಷ ಉಳುತ್ತಿದ್ದದ್ದು ಪಾಕಿಸೊ ಅವರ ಎತ್ತುಗಳು. ಈ ಸಲ ಅವರು ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, ನನ್ನೆದುರಿಗೇ ಹೇಳಿದರು:

"ನನ್ನ ತಮ್ಮನ ಮಣ್ಣು ಇನ್ನೂ ಆರಿಲ್ಲ. ಗಂಡನ್ನ ಮರೆತವಳ ಹೊಲಕ್ಕೆ ನನ್ನ ಎತ್ತು ಬರಲ್ಲ. ಈ ಹುಡುಗ ಹೋಗಲಿ, ಆಮೇಲೆ ನೋಡೋಣ."

"ಹಾಗೇ ಆಗ್ಲಿ ನ್ತಾತೆ. ಟೀ ಕುಡೀತೀರಾ?" ಎಂದರು ಮ್ಮೆ.

"ನಿನ್ನ ಟೀ ನೀನೇ ಕುಡಿ."

ಬಿತ್ತನೆ ತಪ್ಪಿದರೆ ಮುಂದಿನ ಚಳಿಗಾಲಕ್ಕೆ ಆ ಮನೆಯಲ್ಲಿ ಗೋವಿನಜೋಳದ ಮುದ್ದೆ ಇರುವುದಿಲ್ಲ. ಬೇರೆಯವರ ಎತ್ತು ಕೇಳೋಣವೆಂದರೆ, ಪಾಕಿಸೊ ಮುನಿದಿರುವಾಗ ಕೊಡುವ ಧೈರ್ಯ ಯಾರಿಗೂ ಇರಲಿಲ್ಲ. ಆ ರಾತ್ರಿಯೂಟಕ್ಕೆ ಕೂತಾಗ ನಾನು ಶಾಲೆಯ ಸಾಮಾನಿನ ಕೋಣೆಗೆ ಹೋಗುತ್ತೇನೆ, ಸಂಸ್ಥೆಗೆ ತಿಳಿಸುವುದೇ ಬೇಡ ಎಂದೆ.

ಮ್ಮೆ ಸೊಪ್ಪಿನ ಪಲ್ಯ ಬಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ನೀನು ಹೋದ್ರೆ ನಾನು ಆ ಬಟ್ಟೆ ತಿರುಗಿ ಉಡೋಕಾಗುತ್ತಾ?"

"ಇಲ್ಲ."

"ಮತ್ತೆ? ತಿನ್ನು. ನಾಳೆ ಇವಳಿಗೆ ವಿದ್ಯುತ್ತಿನ ಪಾಠ ಇದೆಯಂತೆ. ರಾತ್ರಿಯೆಲ್ಲ ಅದನ್ನೇ ಗೊಣಗ್ತಾಳೆ, ನನಗೆ ನಿದ್ದೆ ಇಲ್ಲ."

"ಅಮ್ಮಾ!" ಎಂದಳು ಮೊಲೆಮೊ.

ಮರುದಿನದಿಂದ ಮ್ಮೆ ಗುದ್ದಲಿ ಹಿಡಿದು ಒಬ್ಬರೇ ಹೊಲ ಅಗೆಯತೊಡಗಿದರು. ನನ್ನನ್ನಾಗಲಿ ಮಗಳನ್ನಾಗಲಿ ಜೊತೆಗೆ ಬರಗೊಡಲಿಲ್ಲ; ನಾವು ಶಾಲೆಯಲ್ಲಿರದಿದ್ದರೆ ಇಷ್ಟೆಲ್ಲ ಯಾಕೆ ಮಾಡಿದೆ ಎಂದು ಗದರಿದರು. ತರಗತಿಯ ಕಿಟಕಿಯಿಂದ ಆ ನೀಲಿ ಉಡುಪು ಕಾಣುತ್ತಿತ್ತು. ಬಗ್ಗಿ ಏಳುವ ಆ ಚುಕ್ಕೆಯ ಹಿಂದೆ ಅಗೆದು ಕಪ್ಪಾದ ನೆಲ ಒಂದು ಚಾಪೆಯಗಲವೂ ಇರಲಿಲ್ಲ. ಮುಂದೆ ಇಡೀ ಇಳಿಜಾರು ಬಾಕಿಯಿತ್ತು.

ಆ ವಾರ ಕಳೆಯುವ ಮುನ್ನವೇ ಒಂದು ಮುಂಜಾನೆ ಪಾಕಿಸೊ ತಮ್ಮ ನಾಲ್ಕೆತ್ತಿನ ನೇಗಿಲು ಹೂಡಿಕೊಂಡು ಆ ಹೊಲಕ್ಕೆ ಇಳಿದರು. ಎರಡು ದಿನ ಉತ್ತರು. ಬಿತ್ತನೆಗೂ ನಿಂತರು. ಮ್ಮೆ ಟೀ ತಂದು ಬದುವಿನ ಮೇಲಿಟ್ಟರು, ಅವರು ಕುಡಿದರು. ಇದಕ್ಕೆ ಕಾರಣವೇನಿದ್ದೀತೆಂದು ನಾನು ಬಹಳ ತಲೆ ಓಡಿಸಿದೆ. ಮುಖ್ಯೋಪಾಧ್ಯಾಯಿನಿ ಬುದ್ಧಿ ಹೇಳಿರಬೇಕು, ಊರ ಮುಖಂಡ ಗದರಿಸಿರಬೇಕು, ಪಾಲಕರು ಒತ್ತಾಯಿಸಿರಬೇಕು. ಒಬ್ಬೊಬ್ಬರನ್ನೇ ಕೇಳಿದೆ. ಯಾರೂ ತಾವೆನ್ನಲಿಲ್ಲ. ಮ್ಮೆಯನ್ನು ಕೇಳಿದರೆ, "ಎತ್ತುಗಳನ್ನ ಕೇಳು," ಎಂದರು.

ಮೊಲೆಮೊ ಪಾಸಾದಳು, ಈಗ ರಾಜಧಾನಿಯಲ್ಲಿ ನರ್ಸ್. ಒಂದು ವರ್ಷಕ್ಕೆಂದು ಬಂದ ನಾನು ಈ ದೇಶ ಬಿಟ್ಟು ಹೋಗಲಿಲ್ಲ. ಕೆಲಸದ ಊರು ಬದಲಾದರೂ ಪ್ರತಿ ರಜೆಗೆ ಹೋಗಿ ಇಳಿಯುವ ಮನೆ ಅದೇ. ನನ್ನ ಮದುವೆಗೆ ಗಂಡಿನ ಕಡೆಯ ತಾಯಿಯಾಗಿ ಕೂತವರು ಮ್ಮೆ. ಅನುಮಾನಿಸುವುದು ನನ್ನ ಸ್ವಭಾವ. ದೇವರು, ದೆವ್ವ, ಸಾವಿನ ಕತ್ತಲೆ ಯಾವುದನ್ನೂ ನಂಬಿದವನಲ್ಲ. ಆದರೆ ಭಾಷೆ ಬಾರದ ಪರದೇಶಿಯೊಬ್ಬನಿಗೆ ಒಂದು ಮನೆಯ ಮಗನಾಗಲು ಸಾಧ್ಯ ಎಂಬುದಕ್ಕೆ ನನಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಹೋದ ಮೇ ತಿಂಗಳಲ್ಲಿ ಮ್ಮೆ ತೀರಿಕೊಂಡರು. ಎಲ್ಲರೂ ಸರದಿಯಂತೆ ಸನಿಕೆ ಹಿಡಿದು ಮಣ್ಣು ಮುಚ್ಚಿದೆವು. ಹಿಂದಿರುಗಿ ಅಂಗಳದ ಬಾಯಲ್ಲಿ ಲೋಳೆಸರದ ತುಂಡುಗಳು ತೇಲುವ ನೀರಿನಲ್ಲಿ ಕೈ ತೊಳೆಯುವಾಗ, ಎಂಬತ್ತು ದಾಟಿದ ಪಾಕಿಸೊ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು.

"ತೆಬೊಹೊ, ಇನ್ನು ಹೇಳಬಹುದು. ಆ ವರ್ಷ ಅವಳು ಕರಿಬಟ್ಟೆ ತೆಗೆದೇ ಇರಲಿಲ್ಲ."

"ಸುಟ್ಟಿದ್ದು ಊರೆಲ್ಲ ನೋಡಿತ್ತಲ್ಲ, ನ್ತಾತೆ?"

"ಒಂದು ತುಂಡು ಉಳಿಸ್ಕೊಂಡಿದ್ಳು. ನೀಲಿಯ ಒಳಗೆ, ಎದೆ ಹತ್ರ ಹೊಲ್ಕೊಂಡಿದ್ಳು. ನಾನು ಹೊಲಕ್ಕೆ ಹೋಗಿದ್ದು ಇನ್ನೊಂದಷ್ಟು ಬಯ್ಯೋಣ ಅಂತ. ಬಗ್ಗಿ ಅಗೀತಿದ್ಳು, ಕಂಡುಬಿಡ್ತು. 'ವರ್ಷ ತುಂಬೋವರೆಗೂ ಇದು ಮೈಮೇಲೇ ಇರುತ್ತೆ ನ್ತಾತೆ. ಊರಿಗೆ ಗೊತ್ತಾದ್ರೆ ಮೇಷ್ಟ್ರು ಹೋಗ್ತಾನೆ. ಹೇಳೋದು ಬಿಡೋದು ನಿಮ್ಮ ಇಷ್ಟ' ಅಂದ್ಳು. ಮನೆಗೆ ಬಂದು ನೇಗಿಲು ತೆಗೆದೆ."

ಒದ್ದೆ ಕೈಗಳನ್ನು ಕಂಬಳಿಗೆ ಒರೆಸಿಕೊಂಡರು.

"ಮಾರ್ಚಿನಲ್ಲಿ ವರ್ಷ ತುಂಬಿದ ದಿನ ನಾವಿಬ್ಬರೇ ನನ್ನ ತಮ್ಮನ ಗೋರಿ ಹತ್ರ ಹೋಗಿ ಅದನ್ನ ಸುಟ್ವಿ. ಕುರಿ ಇಲ್ಲ, ಹಾಡಿಲ್ಲ. ನೀನು ಶಾಲೇಲಿದ್ದೆ."