ಗೆರೆಯ ಮೇಲೆ ಹೆಬ್ಬೆರಳು

ನಮ್ಮ ಪಕ್ಕದ ಮನೆಯ ಅಕ್ಕೋರ ಬಲಗೈ ಹೆಬ್ಬೆರಳು ಅಗಲವಾಗಿತ್ತು, ಉಗುರು ಮಾತ್ರ ಅರ್ಧವೇ ಇತ್ತು. ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾಗಿ ಕುರುಂದವಾಡದ ನಮ್ಮ ಓಣಿಯಲ್ಲಿ ನೆಲೆಸಿದ್ದರು. ಪೇಪರಿನಲ್ಲಿ ಏರಿಳಿಯುವ ಗೆರೆಯ ಚಿತ್ರ ಕಂಡರೆ ಆ ಹೆಬ್ಬೆರಳಿನಿಂದ ಗೆರೆಯನ್ನು ಮುಚ್ಚಿಬಿಡುತ್ತಿದ್ದರು. ಬುಡದ, ಪಕ್ಕದ ಅಂಕಿ ಓದಿದ ಮೇಲೆಯೇ ಬೆರಳು ತೆಗೆಯುವುದು.

ಒಮ್ಮೆ ಅಂಗಡಿಯಲ್ಲಿ ನಾನು ಹೊಸ ಸಾಬೂನು ಪುಡಿಯ ಪೊಟ್ಟಣ ಹಿಡಿದಿದ್ದೆ. ಅದರ ಮೇಲೆ ಹಳೆಯ ಪುಡಿಗೆ ಗಿಡ್ಡ ಕಂಬ, ಹೊಸದಕ್ಕೆ ಮೂರು ಪಟ್ಟು ಎತ್ತರದ ಕಂಬ.

“ಇದು ಭಾಳ ಚಲೋ ಇರಬೇಕಲ್ರಿ ಅಕ್ಕೋರ?”

“ಕಂಬದ ಬುಡಕ್ಕ ಏನ್ ಬರದಾರ, ಓದು.”

ಬುಡದಲ್ಲಿ ತೊಂಬತ್ತು. ಗಿಡ್ಡ ಕಂಬದ ತಲೆಗೆ ತೊಂಬತ್ತೊಂದು, ಉದ್ದದ್ದಕ್ಕೆ ತೊಂಬತ್ಮೂರು.

“ತೊಂಬತ್ತು ನೆಲದಾಗ ಹುಗದು, ಮ್ಯಾಲಿನ ಚೂರು ಅಷ್ಟ ತೋರಸ್ಯಾರವ್ವಾ. ಬುಡ ಕಾಣದ ಗಡಿಗ್ಯಾಗ ಹಾಲು ಎಷ್ಟೈತಿ ಅಂತ ಹೆಂಗ ಹೇಳ್ತಿ?”

ಹಳೆಯ ಪುಡಿಯನ್ನೇ ತಂದೆ. ಅದೂ ದೇವರ ಒಂದು ಸಣ್ಣ ಉಪಕಾರ ಎಂದುಕೊಂಡೆ. ದೊಡ್ಡದು ಇನ್ನೂ ಬರುವುದಿತ್ತು.

ಆ ಮಳೆಗಾಲ ಕೃಷ್ಣೆ ಏರತೊಡಗಿದಾಗ ನಾವು ಹೆಂಗಸರು ಘಾಟಿನ ಮೆಟ್ಟಿಲಿಗೆ ಹೋಗಿ, ಅಕ್ಕಿ, ಕುಪ್ಪಸ ಅರ್ಪಿಸಿ ಹೊಳೆಗೆ ಉಡಿ ತುಂಬಿ ಬಂದೆವು. ಓಣಿಯ ಹುಡುಗರು ನೀರಿನ ಎತ್ತರ ಅಳೆದು, ಗೆರೆ ಎಳೆದು, ಫೋನಿನ ಗ್ರೂಪಿಗೆ ಹಾಕುತ್ತಿದ್ದರು. ಮೊದಲ ದಿನ ನೆಟ್ಟಗೆ ಏರಿದ ಗೆರೆ ಮರುದಿನ ಬೆಳಿಗ್ಗೆ ಹೆಚ್ಚುಕಡಿಮೆ ಚಪ್ಪಟೆಯಾಯಿತು. ಊರು ಬಿಡಲು ಕಟ್ಟಿದ ಗಂಟುಗಳನ್ನು ಜನ ಬಿಚ್ಚತೊಡಗಿದರು. ನಮ್ಮ ಮನೆಯಲ್ಲಿ ನಡೆಯಲಾಗದ ಅತ್ತೆ, ಹಿತ್ತಲಲ್ಲಿ ದಿನ ತುಂಬಿದ ಎಮ್ಮೆ. ಅತ್ತೆ ಹಾಸಿಗೆಯಿಂದಲೇ ತೀರ್ಪು ಕೊಟ್ಟರು: “ಗೆರಿ ಮಲಗೇತಿ. ಉಡಿ ತುಂಬಿದ್ದು ತಾಯಿಗೆ ಮುಟ್ಟೇತಿ. ನಾ ಎಲ್ಲೂ ಬರಂಗಿಲ್ಲ.”

ಅಷ್ಟರಲ್ಲಿ ಅಕ್ಕೋರು ಬಂದು ನನ್ನ ಫೋನು ಕೇಳಿದರು. ಹೆಬ್ಬೆರಳು ಒತ್ತಿದರೆ ಚಿತ್ರ ಜಾರಿತು. “ಇದರವ್ನ, ಓಡತೈತಲ್ಲ ಇದು,” ಎಂದು ಬೆರಳನ್ನು ಮುಟ್ಟದ ಹಾಗೆ ಮೇಲೆ ಹಿಡಿದು ಅಂಕಿ ಓದಿದರು. ಮುಖ ಗಂಭೀರವಾಯಿತು.

“ಗೆರಿ ಮಲಗಿಲ್ಲ ವೈನಿ, ಮಲಗಿಸ್ಯಾರ,” ಎಂದು ಅತ್ತೆಯತ್ತ ತಿರುಗಿದರು.

“ಹುಡುಗೋರು ಸುಳ್ಳ ಹೇಳ್ತಾರೇನ್ರಿ?” ಅತ್ತೆಗೆ ಸಿಟ್ಟು.

“ಸುಳ್ಳಲ್ಲ. ನಿನ್ನೆ ಆರು ತಾಸಿಗೊಮ್ಮೆ ಅಳದ್ರು. ಆಮ್ಯಾಲ ಅಂಜಿ ತಾಸಿಗೊಮ್ಮೆ ಅಳ್ಯಾಕತ್ತಾರ. ಆದ್ರ ಚುಕ್ಕಿ ನಡುವಿನ ಜಾಗ ಮಾತ್ರ ಮೊದಲಿನಷ್ಟ ಇಟ್ಟಾರ. ನಿನ್ನೆ ಒಂದು ಚುಕ್ಕಿಯಿಂದ ಇನ್ನೊಂದಕ್ಕ ಒಂದು ಅಡಿ ಏರಿತ್ತು, ಇವತ್ತು ಎರಡು ಇಂಚು. ತಾಸಿಗೆ ಎರಡಿಂಚು ಅಂದ್ರ ಆರು ತಾಸಿಗೆ ಎಷ್ಟ? ನೀವ ಎಣಸ್ರಿ.”

ಅತ್ತೆ ಬೆರಳ ಗೆಣ್ಣು ಮುಟ್ಟುತ್ತ ಎಣಿಸಿದರು. “ಹನ್ನೆರಡು.”

“ಹನ್ನೆರಡಿಂಚು ಅಂದ್ರ?”

“ಒಂದ ಅಡಿ.” ಅತ್ತೆ ಹೊಸ್ತಿಲ ಕಡೆ ನೋಡಿದರು. “ಅಂದ್ರ ಹೊಳಿ ನಿಂತ ಇಲ್ಲ.” ಆಮೇಲೆ ನನ್ನನ್ನು ಗದರಿದರು: “ಏನ್ ನೋಡ್ಕೋತ ನಿಂತಿ? ಮೊದಲ ಎಮ್ಮಿ ಬಿಚ್ಚು.”

ಅದೇ ಪ್ರಶ್ನೆ ಹಿಡಿದು ಅಕ್ಕೋರು ಮನೆ ಮನೆಗೆ ಹೋದರು. ಮಧ್ಯಾಹ್ನದೊಳಗೆ ಓಣಿ ಖಾಲಿಯಾಯಿತು. ನಾವು ಎಮ್ಮೆಯೊಂದಿಗೆ ಟೆಂಪೊ ಹತ್ತಿ ಇಚಲಕರಂಜಿಯ ನನ್ನ ತಮ್ಮನ ಮನೆ ಸೇರಿದೆವು. ಅಲ್ಲಿ ಮಗ್ಗಗಳ ಖಟಖಟದ ನಡುವೆಯೇ ಎಮ್ಮೆ ಕರು ಹಾಕಿತು. ನೀರಿಳಿದ ಮೇಲೆ ಬಂದು ನೋಡಿದರೆ ಕೆಸರಿನ ಗುರುತು ದೇವರ ಗೂಡಿಗಿಂತ ಮೇಲಿತ್ತು. ಓಣಿಯಲ್ಲಿ ಒಂದು ಜೀವವೂ ಹೋಗಿರಲಿಲ್ಲ.

ಹುಡುಗರು ತೆಂಗಿನಕಾಯಿ ಹಿಡಿದು ಅಕ್ಕೋರ ಬಾಗಿಲಿಗೆ ಬಂದರು. “ತಪ್ಪಾತ್ರಿ ಅಕ್ಕೋರ.”

“ಅಳದದ್ದು ಖರೇ ಅಳದೀರಿ, ಅದಕ್ಕ ಪಾರಾದ್ವಿ. ಗೆರಿ ಎಳ್ಯೂದು ನಾ ಕಲಸ್ತೀನಿ, ಕುಂದರ್ರಿ.” ಕಲಿಸಿದರು ಕೂಡ, ಕಾಯಿ ಒಡೆದು ಹಂಚಿದ ಮೇಲೆ.

ಹೋದ ಶ್ರಾವಣದಲ್ಲಿ ಅಕ್ಕೋರು ಶಿವನ ಪಾದ ಸೇರಿದರು. ಮಗ್ಗದ ಸದ್ದಿನಲ್ಲಿ ಹುಟ್ಟಿದ ಆ ಕರು ಬೆಳೆದು, ಈದು, ಈಗ ಹಾಲು ಕೊಡುತ್ತಿದೆ. ಸೋಮವಾರದ ಅಭಿಷೇಕಕ್ಕೆ ಒಂದು ತಂಬಿಗೆ ಅವರ ಹೆಸರಿನಲ್ಲಿ ಒಯ್ಯುತ್ತೇನೆ. ಈ ಮಳೆಗಾಲ ಮತ್ತೆ ಗ್ರೂಪಿಗೆ ಗೆರೆ ಬಂತು. ನಾನು ಫೋನು ತೋರಿಸುವಷ್ಟರಲ್ಲಿ ಅತ್ತೆಯ ಮುಪ್ಪಿನ ಹೆಬ್ಬೆರಳು ಅದರ ಮೇಲೆ, ಮುಟ್ಟದ ಹಾಗೆ, ಬಂದು ನಿಂತಿತ್ತು.

“ಗೆರಿ ಇರಲಿ,” ಎಂದರು. “ಮೊದಲ ಬುಡ ಓದು.”