ಹನ್ನೊಂದು ತಿಂಗಳ ಮೈ

ಪಿಯುಸಿ ಮೊದಲ ವರ್ಷಕ್ಕೆ ಮಾಗಡಿಯ ಕಾಲೇಜಿಗೆ ಸೇರಿದಾಗ ನನ್ನ ತೂಕ ನಲವತ್ತೊಂದು ಕೆ.ಜಿ. ಅದು ಇವತ್ತಿಗೂ ಮರೆತಿಲ್ಲ. ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ತೂಗುವ ಯಂತ್ರದ ಮೇಲೆ ನನ್ನನ್ನು ನಿಲ್ಲಿಸಿ, ಸಾಲಿನಲ್ಲಿದ್ದವರೆಲ್ಲ ಅಂಕಿಯನ್ನು ಜೋರಾಗಿ ಓದಿದ್ದರು. "ಒಂದು ಮೂಟೆ ಅಕ್ಕೀಗೂ ಸಮ ಇಲ್ವಲ್ಲೋ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇರೆಯವರು ನಗುವಾಗ ಜೊತೆಗೆ ನಗುವುದನ್ನು ಸಣಕಲು ಹುಡುಗರು ಬೇಗ ಕಲಿತುಬಿಡುತ್ತಾರೆ.

ನಮ್ಮದು ಸೋಲೂರು ಹೋಬಳಿಯ ಒಂದು ಸಣ್ಣ ಊರು. ತೆಂಗು, ರಾಗಿ, ಎರಡು ಸೀಮೆಹಸು, ಒಂದು ಕೋಣೆ ತುಂಬ ರೇಷ್ಮೆಹುಳು. ಎತ್ತುವ, ಹೊರುವ ಕೆಲಸ ದಿನವೂ ಇರುತ್ತಿತ್ತು. ಹಾಲಿನ ಕ್ಯಾನನ್ನು ಡೈರಿಗೆ ಒಯ್ಯುವಾಗ ನಾನು ದಾರಿಯಲ್ಲಿ ಎರಡು ಕಡೆ ಇಳಿಸಿ ಕೈ ಕೊಡವುತ್ತಿದ್ದೆ. ಅಪ್ಪ ಅದನ್ನು ಒಂದು ದಿನ ನೋಡಿದ. ಮಾರನೆಯ ದಿನದಿಂದ ಕ್ಯಾನನ್ನು ತಾನೇ ಎತ್ತಿಕೊಂಡು ಹೊರಟ. ಬಯ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಪಕ್ಕದ ಮನೆ ದೊಡ್ಡಪ್ಪನದು. ದೊಡ್ಡಪ್ಪನ ಮಗ ನನಗಿಂತ ಎಂಟು ವರ್ಷ ದೊಡ್ಡವನು. ರಾಮನಗರದ ಒಂದು ಜಿಮ್‌ನಲ್ಲಿ ಕಲಿಸುವ ಕೆಲಸ ಮಾಡುತ್ತಿದ್ದ, ಅಲ್ಲೇ ರೂಮು ಮಾಡಿಕೊಂಡಿದ್ದ, ಭಾನುವಾರ ಮಾತ್ರ ಊರಿಗೆ ಬರುತ್ತಿದ್ದ. ಅಂಗಿಯ ತೋಳು ಬಿಗಿಯಾಗಿ ಕೂರುವಂಥ ಮೈ ಅವನದು. ಅವನು ಬೈಕಿನಿಂದ ಇಳಿಯುವಾಗ ಜಗಲಿಯ ಮೇಲಿನ ಮುದುಕರೂ ಒಮ್ಮೆ ತಿರುಗಿ ನೋಡುತ್ತಿದ್ದರು. ಸಣ್ಣವನಿದ್ದಾಗಿನಿಂದ ನಾನು ಅವನನ್ನು ಅಣ್ಣ ಅಂತಲೇ ಕರೆದವನು. ನನಗೆ ಒಡಹುಟ್ಟಿದ ಅಣ್ಣ ಇರಲಿಲ್ಲ.

ಒಂದು ಭಾನುವಾರ ನಾನು ಕೊಟ್ಟಿಗೆಯ ಹಿಂದೆ ಯಾರಿಗೂ ಕಾಣದಂತೆ ಪುಷ್‌ಅಪ್ ಹೊಡೆಯಲು ನೋಡುತ್ತಿದ್ದೆ. ಹೊಟ್ಟೆ ನೆಲಕ್ಕೆ ಅಂಟಿತ್ತು. ತಲೆಯೆತ್ತಿದರೆ ಅಣ್ಣ ನಿಂತಿದ್ದ.

"ಏನ್ಲಾ, ಹುಳ ತೆವಳ್ದಂಗೆ ತೆವಳ್ತಿದ್ದೀಯ?" ಎಂದ. ಆದರೆ ನಗಲಿಲ್ಲ. ಪಕ್ಕದಲ್ಲಿ ಮಂಡಿಯೂರಿ ನನ್ನ ಸೊಂಟದ ಕೆಳಗೆ ಕೈಕೊಟ್ಟು ಎತ್ತಿದ. ಬೆನ್ನು ನೇರ ಮಾಡಿಸಿದ. "ಜಿಮ್ಮು ಗಿಮ್ಮು ಏನೂ ಬ್ಯಾಡ. ಮನೇಲಿರೋದನ್ನ ಉಣ್ಣು, ಮನೇಲಿರೋದನ್ನ ಎತ್ತು. ನಾನ್ ಹೇಳ್ದಂಗೆ ಒಂದು ವರ್ಸ ಮಾಡು. ಆಮೇಲೆ ನೋಡು."

ಅವನು ನನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಟ್ಟ. ಬೆಳಿಗ್ಗೆ ಪುಷ್‌ಅಪ್, ಬಸ್ಕಿ. ಸಂಜೆ ಕೊಟ್ಟಿಗೆಯ ತೊಲೆಗೆ ಜೋತುಬಿದ್ದು ಗದ್ದ ಮುಟ್ಟಿಸುವುದು. ಸಿಮೆಂಟ್ ಚೀಲಕ್ಕೆ ಅರ್ಧ ಮರಳು ತುಂಬಿ ಹೆಗಲ ಮೇಲಿಟ್ಟುಕೊಂಡು ತೋಟದ ಬದುವಿನ ಉದ್ದಕ್ಕೂ ನಡೆಯುವುದು. ಊಟಕ್ಕೆ ಎರಡು ಹೊತ್ತು ಮುದ್ದೆ, ಹುರುಳಿ ಸಾರು, ನೆನೆಸಿದ ಕಡಲೆಕಾಳು, ಒಂದು ಹಿಡಿ ಕಡಲೆಕಾಯಿ, ದೊಡ್ಡ ಲೋಟದ ತುಂಬ ಹಾಲು, ದಿನಕ್ಕೆ ಮೂರು ಮೊಟ್ಟೆ.

ಮೊಟ್ಟೆಯ ವಿಷಯದಲ್ಲಿ ಅವ್ವ ತಕರಾರು ತೆಗೆದಳು. ಸೋಮವಾರ ಮತ್ತು ಶನಿವಾರ ನಮ್ಮ ಒಲೆಯ ಮೇಲೆ ಅದು ಬೇಯುವಂತಿರಲಿಲ್ಲ. "ಆ ಎಲ್ಡು ದಿನ ಕಾಳು ಜಾಸ್ತಿ ಹಾಕ್ತೀನಿ ಬುಡು. ದೇವ್ರು ನಿನ್ ತೋಳು ನೋಡ್ಕೊಂಡು ಕೂತಿಲ್ಲ" ಎಂದಳು. ಆದರೆ ಮಿಕ್ಕ ಐದು ದಿನ ತಪ್ಪಿಸಲಿಲ್ಲ. ಬೆಳಿಗ್ಗೆ ನಾನು ಎದ್ದು ಬರುವ ಹೊತ್ತಿಗೆ ಕಡಲೆಕಾಳು ತೊಳೆದು ಬಟ್ಟಲಲ್ಲಿಟ್ಟಿರುತ್ತಿದ್ದಳು. ಮಾಗಡಿಯ ಬಸ್ಸಿಗೆ ಓಡುವಾಗ ಜೇಬಿಗೆ ಕಡಲೆಕಾಯಿ ತುರುಕುತ್ತಿದ್ದಳು.

ಮೊದಲ ಎರಡು ತಿಂಗಳು ಏನೂ ಆಗಲಿಲ್ಲ. ಮೈಯೆಲ್ಲ ನೋವು, ಹೊಟ್ಟೆ ಉಬ್ಬರ, ಕ್ಲಾಸಿನಲ್ಲಿ ತೂಕಡಿಕೆ. ಬಿಟ್ಟುಬಿಡೋಣ ಅನ್ನಿಸಿದಾಗಲೆಲ್ಲ ಭಾನುವಾರ ಬರುತ್ತಿತ್ತು, ಅಣ್ಣ ಬರುತ್ತಿದ್ದ. ಟೈಲರ್ ಟೇಪಿನಿಂದ ನನ್ನ ತೋಳು, ಎದೆ ಅಳೆಯುತ್ತಿದ್ದ. ಕೊಟ್ಟಿಗೆಯ ಗೋಡೆಗೆ ನಿಲ್ಲಿಸಿ, ಅಂಗಿ ತೆಗೆಸಿ, ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ. ಮೊದಲ ಸಲ ನಾನು ನಾಚಿಕೊಂಡು ಎರಡೂ ಕೈ ಎದೆಗೆ ಅಡ್ಡ ಇಟ್ಟುಕೊಂಡೆ.

"ಕೈ ತೆಗೀಲಾ. ಇದನ್ನ ಇನ್ಯಾರು ನೋಡ್ತಾರೆ? ನಾನೂ ನೀನೂ ಅಷ್ಟೆ" ಎಂದ.

ನಾನು ಕೈ ತೆಗೆದೆ.

ಐದನೆಯ ತಿಂಗಳಿಗೆ ತೊಲೆಗೆ ಒಂದು ಸಲ ಗದ್ದ ಮುಟ್ಟಿತು. ಅವತ್ತು ಅಣ್ಣ ನನ್ನ ಬೆನ್ನಿಗೆ ಹೊಡೆದ ಪೆಟ್ಟು ಸಂಜೆಯವರೆಗೂ ಉರಿಯುತ್ತಿತ್ತು, ಆ ಉರಿ ಹಿತವಾಗಿತ್ತು. ಹನ್ನೊಂದನೆಯ ತಿಂಗಳಿಗೆ ಅದೇ ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಐವತ್ತೆರಡು ಕೆ.ಜಿ. ತೂಗಿದೆ. ಪೈಲ್ವಾನನೇನೂ ಆಗಿರಲಿಲ್ಲ. ಹೆಗಲ ಮೂಳೆ ಮುಚ್ಚಿಕೊಂಡಿತ್ತು, ತೋಳು ಮಡಚಿದರೆ ನಿಂಬೆಹಣ್ಣಿನಷ್ಟು ಏನೋ ಏಳುತ್ತಿತ್ತು. ಫೋಟೋ ನೋಡಿ ಅಣ್ಣ, "ಸೂಪರ್ ಕಣ್ಲಾ, ನನ್ ತಮ್ಮ ಅಂತ ಹೇಳ್ಕೋಬೋದು" ಎಂದ. ಆ ಮಾತನ್ನು ನಾನು ಇಡೀ ವಾರ ಮನಸ್ಸಿನಲ್ಲೇ ಹೇಳಿಕೊಂಡು ತಿರುಗಿದೆ.

ಅದಾದ ಮೇಲಿನ ವಾರ ಅಪ್ಪನ ಜೊತೆ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋದೆ. ನಮ್ಮ ಹುಳ ಆ ಸಲ ಚೆನ್ನಾಗಿ ಗೂಡು ಕಟ್ಟಿತ್ತು. ಲಗೇಜ್ ಆಟೋದಿಂದ ಗೂಡಿನ ಚೀಲಗಳನ್ನೆಲ್ಲ ನಾನೇ ಇಳಿಸಿ ಒಳಗೆ ಹೊತ್ತೆ. ಅಪ್ಪನಿಗೆ ಮುಟ್ಟಲು ಬಿಡಲಿಲ್ಲ. ಗೂಡು ಕೊಂಡು ನೂಲು ತೆಗೆಸುವ, ಅಪ್ಪನಿಗೆ ಬಹಳ ವರ್ಷದಿಂದ ಪರಿಚಯವಿದ್ದ ರೀಲರ್ ಸಾಹೇಬರೊಬ್ಬರು ಗೂಡನ್ನು ಅಂಗೈಯಲ್ಲಿ ಉರುಳಿಸಿ ನೋಡುತ್ತಾ ನನ್ನನ್ನೂ ನೋಡಿದರು.

"ಹುಡುಗ ಗಟ್ಟಿ ಆಗವ್ನಲ್ಲ ಗೌಡ್ರೆ. ಏನ್ ಹಾಕ್ತೀರಾ?"

"ಮುದ್ದೆ, ಹುರುಳಿ. ಇನ್ನೇನೈತೆ ನಮ್ಮನೇಲಿ" ಎಂದ ಅಪ್ಪ. ಅಷ್ಟು ಹೇಳುವಾಗ ಅವನ ಕತ್ತು ಒಸಿ ಎತ್ತರವಾದದ್ದನ್ನು ನಾನು ನೋಡಿದೆ.

ಗೂಡು ಮಾರಿ, ಬಸ್ ಸ್ಟ್ಯಾಂಡಿನ ಕಡೆ ನಡೆದು ಬರುತ್ತಿದ್ದೆವು. ಒಂದು ಕಟ್ಟಡದ ಮೇಲಿನ ಅಂತಸ್ತಿಗೆ ದೊಡ್ಡ ಫ್ಲೆಕ್ಸು ಕಟ್ಟಿದ್ದರು. ಹೊಸ ಜಿಮ್ಮು, ಆ ವಾರವೇ ಶುರು. ಅಪ್ಪ ನನಗಿಂತ ಮೊದಲೇ ನಿಂತುಬಿಟ್ಟ.

ಎಡಗಡೆ ನಾನಿದ್ದೆ. ಕೊಟ್ಟಿಗೆಯ ಗೋಡೆ, ಬರಿ ಮೈ, ಎಣಿಸಬಹುದಾದ ಪಕ್ಕೆಲುಬು, ಅರ್ಧ ಮುಚ್ಚಿದ ಕಣ್ಣು. ಮೇಲೆ "ಮೊದಲು" ಎಂದು ಬರೆದಿತ್ತು. ಬಲಗಡೆ ಯಾರದೋ ಎಣ್ಣೆ ಹಚ್ಚಿದ ಎದೆ, ಯಾರದೋ ತೊಡೆಗಾತ್ರದ ತೋಳು, ಅದರ ಮೇಲೆ ನನ್ನ ಮುಖ. ಕತ್ತಿನ ಬಣ್ಣಕ್ಕೂ ಮುಖದ ಬಣ್ಣಕ್ಕೂ ಹೊಂದಿಕೆಯೇ ಇರಲಿಲ್ಲ. ಮೇಲೆ "ಈಗ" ಎಂದಿತ್ತು. ನಡುವೆ ಪ್ರೋಟೀನ್ ಪುಡಿಯ ದೊಡ್ಡ ಕಪ್ಪು ಡಬ್ಬಿ. ಕೆಳಗೆ "ಮೂರೇ ತಿಂಗಳಲ್ಲಿ". ಮೂಲೆಯಲ್ಲಿ ಕೈಕಟ್ಟಿ ನಿಂತ ಅಣ್ಣನ ಫೋಟೋ, ಮಾಲೀಕ ಅಂತ. ಸ್ವಂತ ಜಿಮ್ಮು ತೆರೆಯುತ್ತೇನೆಂದು ಅವನು ಆಗಾಗ ಹೇಳುತ್ತಿದ್ದ.

ಅಪ್ಪ ಅಕ್ಷರ ಕೂಡಿಸಿಕೊಂಡು ನಿಧಾನಕ್ಕೆ ಪೂರ್ತಿ ಓದಿದ.

"ಇದು ನೀನಲ್ವೇನ್ಲಾ?"

"ಹೂಂ."

"ಪುಡಿ ತಿಂದಿದ್ದೀಯಾ?"

"ಇಲ್ಲ ಕಣಪ್ಪ."

"ಮತ್ತೆ ಇಲ್ಲಿ ಹಂಗೆ ಬರ್ದವ್ರಲ್ಲ."

ಅಚ್ಚಾದ ಅಕ್ಷರದ ಮೇಲೆ ಅಪ್ಪನಿಗೆ ನಂಬಿಕೆ ಜಾಸ್ತಿ. ನಾನು ಏನೇನೋ ಹೇಳಿದೆ. ಅವನು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತ. ರೀಲರ್ ಸಾಹೇಬರೂ ದಿನಾ ಅದೇ ರಸ್ತೆಯಲ್ಲಿ ಓಡಾಡುವವರು ಎಂಬುದು ಆಗ ನನಗೆ ಹೊಳೆಯಿತು. ಅಪ್ಪನಿಗೆ ಅದು ಮೊದಲೇ ಹೊಳೆದಿರಬೇಕು.

ಮನೆಯಲ್ಲಿ ಅವ್ವ ಕೇಳಿಸಿಕೊಂಡು ಒಂದೇ ಮಾತು ಅಂದಳು. "ಹಂಗಾದ್ರೆ ನಾನ್ ಬೇಯ್ಸಿ ಹಾಕಿದ್ದು?" ನಾನು ಪುಡಿ ತಿಂದಿಲ್ಲವೆಂದು ಅವಳು ನಂಬಿದಳು ಅಂತಲೇ ನನಗನಿಸುತ್ತದೆ. ಆದರೂ ಆ ಪ್ರಶ್ನೆಯನ್ನು ಕೇಳಿಬಿಟ್ಟಳಲ್ಲ, ಅದು ನನ್ನೊಳಗೆ ಉಳಿದುಹೋಯಿತು. ಸಂಜೆ ಅಪ್ಪ ದೊಡ್ಡಪ್ಪನ ಹತ್ತಿರ ಹೇಳಿದ್ದಕ್ಕೆ ದೊಡ್ಡಪ್ಪ, "ಊರೋರು ನೋಡ್ಲಿ ಬುಡು. ಹುಡುಗುಂಗೆ ಹೆಸರು ಬಂತಲ್ಲ" ಎಂದನಂತೆ.

ಭಾನುವಾರ ಅಣ್ಣ ಬಂದ. ಎಂದಿನಂತೆ ಟೇಪು ಹಿಡಿದು ಕೊಟ್ಟಿಗೆಯ ಹಿಂದೆ ಬಂದ. ನಾನು ಅಂಗಿ ತೆಗೆಯಲಿಲ್ಲ.

"ಅಣ್ಣ, ಅದು ನನ್ ಮೈ ಅಲ್ಲ."

"ಯಾವ್ದು? ಓ, ಫ್ಲೆಕ್ಸಾ. ಲೇ, ಅದು ಪಬ್ಲಿಸಿಟಿ ಕಣ್ಲಾ. ಎಲ್ರೂ ಹಂಗೇ ಮಾಡೋದು."

"ನನ್ನ ಕೇಳ್ಬೋದಿತ್ತಲ್ಲ."

"ಕೇಳಿದ್ರೆ ನೀನು ಬ್ಯಾಡ ಅಂತಿದ್ದೆ."

ವಾರವೆಲ್ಲ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿದೆ. "ಮೊನ್ನೆ ತೆಗ್ದ ಫೋಟೋ ಇತ್ತಲ್ಲಣ್ಣ ನಿನ್ನತ್ರ. ಅದನ್ನೇ ಹಾಕ್ಬೋದಿತ್ತಲ್ಲ."

ಅವನು ನಕ್ಕ. ಕೆಟ್ಟ ನಗುವಲ್ಲ, ಸಣ್ಣ ಮಕ್ಕಳ ಮಾತಿಗೆ ದೊಡ್ಡವರು ನಗುತ್ತಾರಲ್ಲ, ಹಾಗೆ. "ಅದನ್ನ ಹಾಕಿದ್ರೆ ಯಾವನ್ಲಾ ಬತ್ತಾನೆ ಜಿಮ್ಮಿಗೆ? ಹನ್ನೊಂದು ತಿಂಗ್ಳು ಒದ್ದಾಡಿ ಇಷ್ಟೇನಾ ಅಂತಾರೆ."

ಕೇಳದೆ ಫೋಟೋ ಹಾಕಿದ್ದನ್ನು ನಾನು ಎಂದಾದರೂ ಮರೆಯುತ್ತಿದ್ದೆನೇನೋ. ಎರಡು ಫೋಟೋ ಅವನ ಎದುರಿಗಿದ್ದವು. ಅದರಲ್ಲಿ ನನ್ನ ಸಣಕಲು ಮೈಯನ್ನು ಆರಿಸಿಕೊಂಡ, ನಾನು ಕಟ್ಟಿಕೊಂಡ ಮೈಯನ್ನು ಬಿಸಾಕಿದ. ಪ್ರತಿ ಭಾನುವಾರ ಸೂಪರ್ ಅಂದದ್ದು, ಬೆನ್ನು ತಟ್ಟಿದ್ದು, ನನ್ ತಮ್ಮ ಅಂದದ್ದು, ಅದರಲ್ಲಿ ಯಾವುದು ನಿಜವಾಗಿತ್ತು ಎಂದು ಆಮೇಲೆ ಎಷ್ಟು ಲೆಕ್ಕ ಹಾಕಿದರೂ ನನಗೆ ಬಗೆಹರಿಯಲಿಲ್ಲ. ಫ್ಲೆಕ್ಸು ತೆಗೆಸು ಅಂದೆ. ತೆಗೆಸ್ತೀನಿ ಅಂದ. ಎರಡು ತಿಂಗಳು ಅದು ಅಲ್ಲೇ ಇತ್ತು.

ಅಷ್ಟರಲ್ಲಿ ಅದರ ಫೋಟೋ ಕಾಲೇಜಿನ ಮೊಬೈಲುಗಳಿಗೆಲ್ಲ ಬಂದಿತ್ತು. ಗೇಲಿ ನನಗೆ ಹೊಸದಲ್ಲ, ತಡೆದುಕೊಂಡೆ. ತಡೆಯಲಾಗದ್ದು ಬೇರೆ. ತಿಪ್ಪಸಂದ್ರದ ಕಡೆಯಿಂದ ಬರುತ್ತಿದ್ದ ಒಬ್ಬ ಸಹಪಾಠಿ, ನಾನು ಮೊದಲಿದ್ದುದಕ್ಕಿಂತಲೂ ಸಣ್ಣಗಿದ್ದವನು, ಒಂದು ಮಧ್ಯಾಹ್ನ ನನ್ನ ಪಕ್ಕ ಬಂದು ಕೂತ. ಫ್ಲೆಕ್ಸು ನೋಡಿ ರಾಮನಗರಕ್ಕೆ ಹೋಗಿ ಆ ಡಬ್ಬಿ ತಂದಿದ್ದನಂತೆ. ತಿಂಗಳಿಂದ ಕುಡಿಯುತ್ತಿದ್ದಾನೆ, ಹೊಟ್ಟೆ ಕೆಟ್ಟಿದೆ, ಮೈ ಮಾತ್ರ ಹಾಗೇ ಇದೆ.

"ನೀನು ದಿನಕ್ಕೆ ಎಷ್ಟು ಚಮಚ ಹಾಕ್ಕೊಂತಿದ್ದೆ?" ಎಂದು ಮೆಲ್ಲಗೆ ಕೇಳಿದ.

"ನಾನು ಅದನ್ನ ತಿಂದೇ ಇಲ್ಲ ಕಣೋ. ಆ ಮೈ ನಂದಲ್ಲ. ಮುದ್ದೆ, ಹುರುಳಿ, ಮೊಟ್ಟೆ ಅಷ್ಟೆ. ಮರಳು ಚೀಲ ಹೊತ್ತೆ. ಬೇಕಾದ್ರೆ ಎಲ್ಲಾ ಬರ್ಕೊಡ್ತೀನಿ."

ಅವನು ನನ್ನನ್ನು ಒಂದು ಥರ ನೋಡಿದ. "ಹೇಳಕ್ಕಿಷ್ಟ ಇಲ್ದಿದ್ರೆ ಬುಡು. ಸುಳ್ ಯಾಕ್ ಹೇಳ್ತೀಯ" ಎಂದು ಎದ್ದು ಹೋದ. ಮಾರನೆಯ ದಿನ ನಾನು ಬರೆದು ತಂದ ಚೀಟಿಯನ್ನೂ ತೆಗೆದುಕೊಳ್ಳಲಿಲ್ಲ. ನಾನು ಅಣ್ಣನ ಕಡೆ ನೋಡಬೇಕಾಗಿದ್ದ ಹಾಗೆ ಅವನು ನನ್ನ ಕಡೆ ನೋಡಿದ್ದ.

ಆಮೇಲೆ ನಾನು ಬಿಟ್ಟುಬಿಟ್ಟೆ. ತೊಲೆ ಮುಟ್ಟಲಿಲ್ಲ, ಚೀಲ ಮೂಲೆ ಸೇರಿತು. ಎರಡನೆಯ ಪಿಯುಸಿ ಪರೀಕ್ಷೆಯ ಹೊತ್ತಿಗೆ ಮತ್ತೆ ನಲವತ್ತಾರಕ್ಕೆ ಇಳಿದಿದ್ದೆ. ಅವ್ವ ಕಡಲೆಕಾಳು ನೆನೆಸುವುದನ್ನು ನಿಲ್ಲಿಸಲಿಲ್ಲ, ನಾನು ತಿನ್ನದಿದ್ದರೆ ಹಸುವಿಗೆ ಹಾಕುತ್ತಿದ್ದಳು. ಕಸರತ್ತು ಬಿಟ್ಟು ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಯಾವ ಕಾರಣವೂ ಇಲ್ಲದೆ, ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಮರುದಿನ ಹತ್ತು ಪುಷ್‌ಅಪ್ ಹೊಡೆದೆ. ಈ ಸಲ ಅಳೆಯುವವರು, ಫೋಟೋ ತೆಗೆಯುವವರು ಯಾರೂ ಇರಲಿಲ್ಲ.

ಈಗ ನಾನು ಕನಕಪುರದ ಕಡೆ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತೇನೆ. ಕಸರತ್ತು ಬಿಟ್ಟಿಲ್ಲ. ಅಣ್ಣನ ಜಿಮ್ಮು ಮುಚ್ಚಿ ಬಹಳ ದಿನವಾಯಿತು, ಚನ್ನಪಟ್ಟಣದಲ್ಲಿ ಬೇರೇನೋ ವ್ಯಾಪಾರ ಮಾಡಿಕೊಂಡಿದ್ದಾನೆ, ಮೈ ಸಡಿಲವಾಗಿದೆ. ಹೋದ ವರ್ಷ ನೆಂಟರ ಮದುವೆಯಲ್ಲಿ ಸಿಕ್ಕ. ಅಡುಗೆ ಮನೆಯಿಂದ ನಾನು ಅನ್ನದ ದೊಡ್ಡ ಪಾತ್ರೆಯನ್ನು ಒಬ್ಬನೇ ಎತ್ತಿಕೊಂಡು ಬರುತ್ತಿದ್ದಾಗ ಪಂಕ್ತಿಯಲ್ಲಿ ಕೂತಿದ್ದವರಿಗೆ ಹೇಳಿದ, "ನೋಡ್ರಪ್ಪ, ಅವ್ನಿಗೆ ಎಲ್ಲಾ ಕಲ್ಸಿದ್ದು ನಾನೇ. ಕೊಟ್ಟಿಗೆ ಹಿಂದೆ."

ಎಲ್ಲರೂ ನನ್ನ ಕಡೆ ತಿರುಗಿದರು. ಅಲ್ಲ ಅನ್ನಲು ಬಾಯಿ ತೆರೆದೆ. ಆದರೆ ಅವನು ಹೇಳಿದ್ದು ನಿಜ. ಅವನು ಬರೆದುಕೊಟ್ಟಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ನನ್ನ ಬೆನ್ನು ನೇರ ಮಾಡಿಸಿದ ಕೈ ಅವನದೇ. ಅವನು ಪೂರ್ತಿ ಸುಳ್ಳುಗಾರನಾಗಿದ್ದರೆ ನನಗೆ ಸಲೀಸಾಗುತ್ತಿತ್ತು, ಯಾವತ್ತೋ ಕೈತೊಳೆದುಕೊಂಡಿರುತ್ತಿದ್ದೆ. ನಾನು ಅವನ ಎಲೆಗೆ ಅನ್ನ ಬಡಿಸಿ ಮುಂದಿನ ಎಲೆಗೆ ಹೋದೆ.